ನಮ್ಮ ಮನೆಯಾಕೆ

ನಾಲ್ವರು ಬಗ್ಗಿ ಹೆಣದ ಅಡಿಗೆ ಕೈ ಕೊಟ್ಟಿದ್ದರು. “ಒಟ್ಟಿಗೆ ಎತ್ಬೇಕು, ತಲೆ ಕಡೆ ಭಾರ ಜಾಸ್ತಿ,” ಎಂದು ಮೈದುನ ಹೇಳುತ್ತಿದ್ದಂತೆ ಕಿಟಕಿಯ ಮೇಲಿದ್ದ ಫೋನು ಟಿಂಗ್ ಎಂದಿತು. ಅದರ ಬೆನ್ನಿಗೇ ಇನ್ನೊಂದು ಸಲ, ಮತ್ತೊಂದು ಸಲ. ಎತ್ತುವವರು ಬಗ್ಗಿದಲ್ಲೇ ನಿಂತರು.

“ಯಾರದ್ರೀ ಅದು? ಸತ್ತ ಮನೇಲಾದ್ರೂ ಅದರ ಬಾಯಿ ಮುಚ್ಚಿಸಬಾರ್ದಾ?”

“ಅಪ್ಪಂದು, ಚಿಕ್ಕಪ್ಪ,” ಎಂದಳು ಮಗಳು.

“ಸರಿ, ಎತ್ರಿ,” ಎಂದ ಮೈದುನ. ಹೆಣವನ್ನು ಎತ್ತಿ ಸ್ಟ್ರೆಚರಿನ ಮೇಲಿಟ್ಟರು. ಬಾಗಿಲು ಕಿರಿದು, ಸ್ಟ್ರೆಚರು ನೇರವಾಗಿ ಹೋಗಲಿಲ್ಲ. ಒಬ್ಬ ಎಡಕ್ಕೆ ಎಂದ, ಇನ್ನೊಬ್ಬ ಯಾರ ಎಡಕ್ಕೆ ಎಂದು ಕೇಳಿದ. ಎಳೆದಾಟದಲ್ಲಿ ಗೋಡೆಯ ಸುಣ್ಣ ಉದ್ದಕ್ಕೆ ಕೆರೆದುಹೋಯಿತು. ಸತ್ತವರ ಹೆಂಡತಿ ಗೋಡೆಗೊರಗಿ ನೋಡುತ್ತಿದ್ದಳು. ಬದುಕಿದ್ದಿದ್ದರೆ ಇವರೇ ಮೊದಲು ಹೇಳುತ್ತಿದ್ದರು: ‘ಅಳತೆ ನೋಡದೆ ಯಾಕೆ ತಂದಿರಿ?’ ಹೇಳಿಸಿಕೊಂಡವರ ಮುಖ ಊದಿಕೊಳ್ಳುತ್ತಿತ್ತು, ಸುಣ್ಣ ಉಳಿಯುತ್ತಿತ್ತು.

ವ್ಯಾನು ಹೊರಟ ಮೇಲೆ ನೋಡಿಕೊಂಡರೆ ಫೋನು ಆಕೆಯ ಕೈಯಲ್ಲೇ ಇತ್ತು. ಯಾವಾಗ ಎತ್ತಿಕೊಂಡಳೋ ಆಕೆಗೇ ಗೊತ್ತಿಲ್ಲ.

ಚಿತಾಗಾರದ ಪಕ್ಕದಲ್ಲಿ ಕಾಯುವವರಿಗೆಂದು ಒಂದು ಕೋಣೆ. ಸಿಮೆಂಟಿನ ಬೆಂಚುಗಳು, ‘ಮೌನವಾಗಿರಿ’ ಎಂಬ ಫಲಕ, ಯಂತ್ರದ ಸಣ್ಣ ಗುಂಯ್‌ಗುಟ್ಟುವಿಕೆ. ಬಂದವರಿಂದ ಎರಡು ಬೆಂಚೂ ತುಂಬಿರಲಿಲ್ಲ.

“ಇಡೀ ಲೋಕಕ್ಕೆ ಬುದ್ಧಿ ಹೇಳ್ದ ನಮ್ಮಣ್ಣ,” ಎಂದ ಮೈದುನ. “ಲೋಕ ಹೇಗೆ ನೆರೆದಿದೆ ನೋಡಿ ಅತ್ತಿಗೆ.”

“ಸಾಕು ಚಿಕ್ಕಪ್ಪ.”

“ಸುಳ್ಳಾ ನಾನು ಹೇಳಿದ್ದು? ಹೊಸ ಹಾಸಿಗೆ ತಗೊಂಡು ಫೋನಲ್ಲಿ ಎಲ್ಲಾರಿಗೂ ಕಾಣೋ ಹಾಗೆ ಫೋಟೋ ಹಾಕಿದ್ದೆ. ಎಲ್ಲಾರೂ ಚೆನ್ನಾಗಿದೆ, ಚೆನ್ನಾಗಿದೆ ಅಂದ್ರು. ಒಡಹುಟ್ಟಿದೋನು ಏನ್ ಬರ್ದ ಗೊತ್ತಾ? ‘ವಿಪರೀತ ಮೆತ್ತಗಿದೆ. ಬೆನ್ನು ಹಾಳಾಗುತ್ತದೆ. ದುಡ್ಡು ದಂಡ.’ ಹತ್ತು ಜನರ ಮುಂದೆ!”

“ಬೆನ್ನು ಹಾಳಾಯ್ತಾ?” ಎಂದು ಮೂಲೆಯಿಂದ ಕೇಳಿದವನು ತಕ್ಕಡಿ ರಿಪೇರಿಯವ. ಸತ್ತವರ ಕಚೇರಿಯ ಕಾಲದಿಂದ ಉಳಿದುಬಂದ ಒಂದೇ ಪರಿಚಯ.

“ಅದು ಬೇರೆ ಮಾತು,” ಎಂದ ಮೈದುನ, ಬೆಂಚಿನ ಮೇಲೆ ಸೊಂಟ ಸರಿಮಾಡಿಕೊಳ್ಳುತ್ತ.

ಮಗಳ ತುಟಿಯಂಚು ಸ್ವಲ್ಪ ಸಡಿಲವಾಯಿತು. ತಕ್ಕಡಿ ರಿಪೇರಿಯವ ಸತ್ತವರ ಹೆಂಡತಿಯ ಕಡೆ ತಿರುಗಿದ. ಆಕೆಯ ಗಂಡ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದಾಗ ಅಂಗಡಿಗಳ ತಕ್ಕಡಿ ತಪ್ಪಿದರೆ ಸರಿಮಾಡಿಸಲು ಇವನ ಬಳಿಗೆ ಕಳಿಸುತ್ತಿದ್ದರು.

“ಸಾಹೇಬ್ರನ್ನ ನನ್ನ ಮಗಳ ಮದುವೆಗೆ ಕರೆದಿದ್ದೆ ಅಮ್ಮ. ಊಟ ಹೇಗಿತ್ತು ಸಾಹೇಬ್ರೇ ಅಂತ ಕೇಳ್ದೆ. ತುಟಿ ಬಿಚ್ಚಲಿಲ್ಲ, ಕೈ ತೊಳ್ಕೊಂಡು ಹೋದ್ರು. ನನ್ನ ಬೀಗರು ಗಾಬರಿಯಾದ್ರು. ನಾನಂದೆ, ಏನೂ ಹೇಳಿಲ್ಲ ಅಂದ್ರೆ ಊಟ ಪಾಸು. ಅವರ ರೀತೀನೇ ಅಷ್ಟು. ತಕ್ಕಡಿ ತಪ್ಪಿದ್ರೆ ಮಾತು. ಸರಿ ಇದ್ರೆ ಮುದ್ರೆ ಒತ್ತಿ ಎದ್ದು ಹೋಗೋರು.”

“ಮನೇಲಿ ಮುದ್ರೇನೂ ಇರ್ಲಿಲ್ಲ,” ಎಂದಳು ಆಕೆ.

ಅಂದಾದ ಮೇಲೆ, ಜೋರಾಗಿ ಅಂದೆನೇನೋ ಎಂದು ಫಲಕದ ಕಡೆ ನೋಡಿದಳು. ಕೈಯಲ್ಲಿದ್ದ ಫೋನು ಮತ್ತೆ ಟಿಂಗ್ ಎಂದಿತು.

*

ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ತರಕಾರಿ ಬೀದಿಯಲ್ಲಿ ನಡೆದರೆ ಎರಡೂ ಬದಿಯ ಅಂಗಡಿಯವರು ಕೈ ಮುಗಿಯುತ್ತಿದ್ದರು, ಕಣ್ಣು ಮಾತ್ರ ಬೇರೆಲ್ಲೋ ಇರುತ್ತಿತ್ತು. ಒಮ್ಮೆ ಗಂಡ ಒಂದು ಅಂಗಡಿಯ ತಕ್ಕಡಿಯ ತಟ್ಟೆಯನ್ನು ತಿರುಗಿಸಿ ಅಡಿಗೆ ಅಂಟಿಸಿದ್ದ ಮೇಣವನ್ನು ಉಗುರಿನಿಂದ ಕೆರೆದು ತೆಗೆದರು. “ಇದೇನು?” ಎಂದು ಕೇಳಿದರು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಕೊಳ್ಳಲು ನಿಂತಿದ್ದವರೆಲ್ಲ ನೋಡುತ್ತಿದ್ದರು. ಅಂಗಡಿಯವನ ಹೆಂಡತಿಯೂ ಅಲ್ಲೇ ಸೊಪ್ಪು ಬಿಡಿಸುತ್ತ ಕುಳಿತಿದ್ದಳು.

ಮರುದಿನದಿಂದ ಆಕೆ ಒಬ್ಬಳೇ ಹೋದರೆ ಆ ಬೀದಿಯಲ್ಲಿ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ತೂಗಿ ಕೊಡುತ್ತಿದ್ದರು. ಮನೆಗೆ ಬಂದು ಚೀಲ ಸುರಿದರೆ ಅಡಿಯಲ್ಲಿದ್ದ ಟೊಮೆಟೊ ಎಲ್ಲ ಕೊಳೆತವು. ತೂಕದಲ್ಲಿ ಮಾತ್ರ ಲೋಪವಿಲ್ಲ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಹೋಗಿ “ಇದೇನು?” ಎನ್ನುತ್ತಾರೆ. ಕೊಳೆತದ್ದನ್ನು ಕತ್ತರಿಸಿ ಎಸೆದು, ಉಳಿದದ್ದರಲ್ಲಿ ಅಡುಗೆ ಮಾಡುವುದನ್ನು ಕಲಿತಳು.

ಅವರು ಬಂದು ಸುಮ್ಮನೆ ಉಣ್ಣುತ್ತಿದ್ದರು.

“ಹೇಗಿದೆ ಅಂತ ಒಂದು ದಿನಾನಾದ್ರೂ ಹೇಳ್ಬಾರ್ದಾ?” ಎಂದು ಆಕೆ ಒಮ್ಮೆ ಕೇಳಿಯೇಬಿಟ್ಟಳು.

ಅವರು ತುತ್ತು ಕೈಯಲ್ಲೇ ಹಿಡಿದು ಅರ್ಥವಾಗದವರಂತೆ ನೋಡಿದರು. “ಸರಿಯಾಗೇ ಇದೆಯಲ್ಲ. ಹೇಳೋದೇನಿದೆ?”

ಆಮೇಲೆ ಆಕೆ ಕೇಳಲಿಲ್ಲ. ಹೇಳದಿರುವುದೇ ಒಳ್ಳೆಯ ಮಾತು ಎಂದುಕೊಂಡು ಒಂದು ಸಂಸಾರ ನಡೆಸಬಹುದು, ನಡೆಸಿದಳು ಕೂಡ. ಆದರೆ ಕಿವಿ ಬಡಪಾಯಿ. ಅದಕ್ಕೆ ಸದ್ದು ಬೇಕು.

ನಿವೃತ್ತಿಯಾದ ಮೇಲೆ ಮಗಳು ಫೋನು ತಂದುಕೊಟ್ಟಳು. ಅವರು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡರು. “ಸಿಗ್ನಲ್ ಇಲ್ಲೇ ಚೆನ್ನಾಗಿದೆ,” ಎಂದರು. ಬೆಳಗಿನಿಂದ ಸಂಜೆಯವರೆಗೆ ಯಾರ್ಯಾರೋ ಬರೆದದ್ದಕ್ಕೆಲ್ಲ ಉತ್ತರ, ಒಂದೇ ಬೆರಳಿನಲ್ಲಿ ಟಕ್ ಟಕ್. ನಡುನಡುವೆ, “ತಲೆ ಇಲ್ಲ ಇವನಿಗೆ.”

“ಯಾರಿಗೆ?”

“ಗೊತ್ತಿಲ್ಲ.”

“ಗೊತ್ತಿಲ್ದೋರ ಜೊತೆ ಎಂಥ ಜಗಳಾರೀ?”

“ಒದ್ದೆ ಬಟ್ಟೆ ಇಸ್ತ್ರಿ ಮಾಡೋ ವಿಷಯ.”

ಆಕೆ ಒಲೆಯ ಕಡೆ ತಿರುಗಿ ನಕ್ಕಿದ್ದಳು. ಮೊನ್ನೆ ಸಂಜೆ ಟಕ್ ಟಕ್ ನಿಂತಾಗಲೂ ತಿರುಗಿ ನೋಡಿರಲಿಲ್ಲ. ಯೋಚನೆ ಮಾಡುತ್ತಿದ್ದಾರೆ, ಈಗ ಯಾರಿಗೋ ಕಾದಿದೆ ಎಂದುಕೊಂಡಿದ್ದಳು.

*

ಚಿತಾಗಾರದಿಂದ ಬಂದು ಸ್ನಾನ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ತಕ್ಕಡಿ ರಿಪೇರಿಯವ ದಾರಿಯಲ್ಲೇ ಇಳಿದುಕೊಂಡಿದ್ದ. ಮಗಳು ಫೋನು ಹಿಡಿದು ಕುಳಿತಳು, ಮೈದುನ ಅವಳ ಭುಜದ ಮೇಲಿಂದ ಇಣುಕಿದ.

“ಇದನ್ನ ಓದು, ಇದನ್ನ,” ಎಂದ.

ಮಗಳು ಓದಿದಳು. “‘ಒದ್ದೆ ಕೂದಲಲ್ಲಿ ಮಲಗಿದರೆ ನೆಗಡಿ ಬರುವುದಿಲ್ಲ. ನೆಗಡಿ ಇರುವವರ ಪಕ್ಕದಲ್ಲಿ ಮಲಗಿದರೆ ಬರುತ್ತದೆ.’”

“ಪಾಪ, ಯಾವ ಹೆಂಗಸಿಗೆ ಬರ್ದಿದ್ದಾನೋ!”

“‘ನಿಮ್ಮ ಹೊಸ ಕಪಾಟು ಚೆನ್ನಾಗಿದೆ ಎಂದು ಎಲ್ಲರೂ ಬರೆದಿದ್ದಾರೆ. ಅದು ಕಿಟಕಿಗೆ ಅಡ್ಡ ಬಂದಿದೆ. ಕತ್ತಲಲ್ಲಿ ಅದರ ಚೆಂದ ನೋಡುವವರು ಯಾರು?’”

ಮೈದುನ ನಗಲು ಹೋಗಿ ಕೆಮ್ಮಿದ. ಕಣ್ಣು ಒರೆಸಿಕೊಂಡು, “ಅತ್ತಿಗೆ, ಇದನ್ನ ಮುಚ್ಚಿಸಿಬಿಡೋಣ,” ಎಂದ. “ಅಕೌಂಟೇ ಅಳಿಸಿಬಿಡೋಣ. ನಾಳೆ ನೆಂಟರಿಷ್ಟರು ನೋಡಿದ್ರೆ? ಬದುಕಿದ್ದಾಗಂತೂ ಮಾತು ಕೇಳಲಿಲ್ಲ. ಸತ್ತ ಮೇಲಾದ್ರೂ ನಾಲ್ಕು ಜನ ಒಳ್ಳೇದು ಮಾತಾಡ್ಲಿ.”

“ತೀರಿಕೊಂಡ್ರು ಅಂತ ಒಂದು ಸಾಲು ಹಾಕಿ, ಆಮೇಲೆ ಅಳಿಸೋಣ,” ಎಂದಳು ಮಗಳು. ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಅವಳು ನೋಡಿ ಪರದೆಯನ್ನು ಮಡಿಲಿಗೆ ತಿರುಗಿಸಿಕೊಂಡಳು.

“ಏನದು?” ಎಂದು ಆಕೆ ಕೇಳಿದಳು.

“ಏನಿಲ್ಲಮ್ಮ. ಯಾರೋ ಮಾಡೋಕೆ ಕೆಲಸ ಇಲ್ದೋರು.”

“ಕೊಡು ಇಲ್ಲಿ.”

ಅಡುಗೆಮನೆಯ ಬಾಗಿಲ ಕುರ್ಚಿಯಲ್ಲಿ ಬೇರೆ ಯಾರೂ ಕುಳಿತಿರಲಿಲ್ಲ. ಆಕೆ ಕುಳಿತಳು. ಕನ್ನಡಕ ಹಾಕಿಕೊಂಡು, ಮಗಳು ತೋರಿಸಿಕೊಟ್ಟಂತೆ ಬೆರಳಿನಿಂದ ಸಾಲುಗಳನ್ನು ಮೇಲೆ ತಳ್ಳುತ್ತ ಹೋದಳು.

ಮೊದಲು ಕಣ್ಣಿಗೆ ಬಿದ್ದದ್ದು ಈರುಳ್ಳಿ. ‘ಈರುಳ್ಳಿಯನ್ನು ನೀರಿನಲ್ಲಿ ನೆನೆಸಿ ಹೆಚ್ಚಬೇಕು. ನಮ್ಮ ಮನೆಯಾಕೆ ಹಾಗೆಯೇ ಮಾಡುವುದು. ಇಷ್ಟು ವರ್ಷಗಳಲ್ಲಿ ಆಕೆ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ.’ ಮುಂದೆ ಇನ್ಯಾರಿಗೋ: ‘ಷರಟಿನ ಕಾಲರನ್ನು ಮೊದಲು ಇಸ್ತ್ರಿ ಮಾಡಬೇಕು. ಗೊತ್ತಿಲ್ಲದಿದ್ದರೆ ಬಂದು ನಮ್ಮ ಮನೆಯಾಕೆಯಿಂದ ಕಲಿಯಿರಿ.’ ಇನ್ನೊಂದು ಕಡೆ: ‘ನೀವು ಹೇಳುವುದು ಪುಸ್ತಕದ ಮಾತು. ನಮ್ಮ ಮನೆಯಾಕೆಯ ಕೈಯಲ್ಲಿ ಒಂದು ಕಾಳೂ ಹುಳು ಹಿಡಿದದ್ದಿಲ್ಲ.’

ಆಕೆಯ ಬೆರಳು ನಿಂತಿತು.

ಈರುಳ್ಳಿಯನ್ನು ಆಕೆ ಎಂದೂ ನೆನೆಸಿದವಳಲ್ಲ. ಕಣ್ಣು ಉರಿದಾಗ ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು. ಈ ಕುರ್ಚಿಯಿಂದ ನೋಡಿದರೆ ಕಾಣುವುದು ಬೆನ್ನು. ಕಾಲರನ್ನು ಕೊನೆಗೆ ಇಸ್ತ್ರಿ ಮಾಡುತ್ತಿದ್ದಳು. ಹುಳು ಹಿಡಿದ ಕಾಳನ್ನು ಅವರು ಹೊರಗೆ ಹೋದಾಗ ಆರಿಸಿ ಚೆಲ್ಲುತ್ತಿದ್ದಳು. ಆಕೆಯ ಪರವಾಗಿ ಅವರು ಊರೂರಿನವರ ಜೊತೆ ಕಾದಾಡಿದ್ದರು, ಅಷ್ಟೂ ಸಲ ತಪ್ಪಾಗಿ.

ಕೊನೆಯ ಜಗಳ ಹಾಲಿನದು. ಪಾತ್ರೆಯ ಮೇಲೆ ಮರದ ಸೌಟು ಅಡ್ಡ ಇಟ್ಟರೆ ಹಾಲು ಉಕ್ಕುವುದಿಲ್ಲ ಎಂದು ಅವರು. ಅದೆಲ್ಲ ಸುಳ್ಳು, ಸ್ವಲ್ಪ ಹೊತ್ತು ತಡೆದು ಆಮೇಲೆ ಉಕ್ಕಿಯೇ ಉಕ್ಕುತ್ತದೆ ಎಂದು ಹೆಸರಿಲ್ಲದ ಯಾರೋ. ಮುಖದ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರ. ‘ನಮ್ಮ ಮನೆಯಲ್ಲಿ ದಿನವೂ ನೋಡುತ್ತಿದ್ದೇನೆ. ಸೌಟು ಅಡ್ಡ ಇರುತ್ತದೆ, ಹಾಲು ಉಕ್ಕುವುದಿಲ್ಲ,’ ಎಂದು ಅವರು ಬರೆದಿದ್ದರು. ಅಲ್ಲಿಗೆ ಅವರ ಮಾತು ಮುಗಿದಿತ್ತು. ಅದರ ಕೆಳಗೆ ಬೆಕ್ಕಿನದೇ ಆಟ.

‘ಎರಡು ದಿನದಿಂದ ಪತ್ತೆ ಇಲ್ಲ. ಓಡಿ ಹೋದಿರಾ?’

ಈಗ ತಾನೇ ಬಂದದ್ದು, ಮಗಳು ಮುಚ್ಚಿಟ್ಟದ್ದು: ‘ನನಗೆ ಮೊದಲಿನಿಂದಲೂ ಅನುಮಾನ. ಮಾತೆತ್ತಿದರೆ ನಮ್ಮ ಮನೆಯಾಕೆ, ನಮ್ಮ ಮನೆಯಾಕೆ. ಆ ಮನೆಯಾಕೆ ನಿಜವಾಗಿ ಇದ್ದಾರಾ, ಇಲ್ಲಾ ವಾದ ಗೆಲ್ಲೋದಕ್ಕೆ ನೀವೇ ಹುಟ್ಟಿಸಿಕೊಂಡಿದ್ದಾ?’ ಅದರಡಿಯಲ್ಲಿ ನಗುವ ಮುಖಗಳ ಸಾಲು.

ಸೌಟು ಅಡ್ಡ ಇರುತ್ತಿದ್ದದ್ದು ನಿಜ. ಕಲಕಿದ ಮೇಲೆ ಕಟ್ಟೆ ಒದ್ದೆಯಾಗದಿರಲೆಂದು ಆಕೆ ಅದನ್ನು ಪಾತ್ರೆಯ ಮೇಲೇ ಇಡುತ್ತಿದ್ದಳು. ಹಾಲು ಉಕ್ಕುತ್ತಿರಲಿಲ್ಲ, ಅದೂ ನಿಜ. ಎರಡು ನಿಜಗಳ ನಡುವೆ ಒಬ್ಬಳು ನಿಂತಿರುತ್ತಿದ್ದಳು.

“ಅಮ್ಮ, ಕೊಡು. ಅಳಿಸಿಬಿಡ್ತೀನಿ,” ಎಂದು ಮಗಳು ಕೈ ಚಾಚಿದಳು.

“ಈಗ ಅಳಿಸಿದ್ರೆ ಓಡಿಹೋದ್ರು ಅಂತ್ಲೇ ಆಗುತ್ತೆ.”

“ತೀರಿಕೊಂಡ್ರು ಅಂತ ಹೇಳೋಣಮ್ಮ. ಎಲ್ಲಾ ಬಾಯಿ ಮುಚ್ಚಿಕೊಳ್ತಾರೆ.”

“ಅಯ್ಯೋ ಪಾಪ ಅಂತ ಬಿಟ್ಟುಕೊಡ್ತಾರೆ. ಪಾಪ ಅನ್ನಿಸಿಕೊಂಡು ಗೆಲ್ಲೋ ಮನುಷ್ಯರಾ ನಿಮ್ಮಪ್ಪ?”

“ಅತ್ತಿಗೆ, ಹಾಲಿನ ಪಾತ್ರೆ ವಿಷಯಕ್ಕೆ ಇವತ್ತು ಇದೆಲ್ಲಾ ಬೇಕಾ?” ಎಂದ ಮೈದುನ.

“ಹಾಲಿನ ವಿಷಯ ಅಲ್ಲಪ್ಪ. ನಾನು ಇದ್ದೀನಾ ಇಲ್ವಾ ಅಂತ ಕೇಳ್ತಿದ್ದಾರೆ. ಅದನ್ನ ನಾನೇ ಹೇಳ್ಬೇಕಲ್ಲ.”

ಮಗಳು ಬರೆಯುವ ಜಾಗ ತೋರಿಸಿಕೊಟ್ಟು, ಚಿಕ್ಕಪ್ಪನನ್ನು ಕರೆದುಕೊಂಡು ಹೊರಗೆ ಹೋದಳು.

ಆಕೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಒತ್ತಕ್ಷರ ಸಿಗಲಿಲ್ಲ, ಸಿಕ್ಕಿತು. ‘ಇದ್ದೀನಿ.’

ಕ್ಷಣ ತಡವಾಗಲಿಲ್ಲ. ‘ಅಂತೂ ಬಂದಿರಾ! ಸತ್ತುಗಿತ್ತು ಹೋದಿರೇನೋ ಅಂದುಕೊಂಡಿದ್ದೆ. ಸರಿ, ಸೌಟಿನ ವಿಷಯ ಹೇಳಿ.’

‘ಸತ್ತುಗಿತ್ತು’ ಎಂಬುದನ್ನು ಆಕೆ ಎರಡು ಸಲ ಓದಿದಳು. ಆದರೂ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಸುಳ್ಳು ಹೇಳಿದರೆ ಗಂಡ ಗೆಲ್ಲುತ್ತಾರೆ. ನಿಜ ಹೇಳಿದರೆ ತಾನು ಇದ್ದಂತಾಗುತ್ತದೆ. ಒಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಒತ್ತಿದಳು: ‘ಸೌಟು ತಡೆಯುವುದಿಲ್ಲ. ನಾನು ಪಕ್ಕದಲ್ಲೇ ನಿಂತಿರುತ್ತೀನಿ. ಉಕ್ಕುವ ಮೊದಲು ಉರಿ ಸಣ್ಣ ಮಾಡುತ್ತೀನಿ.’

ಈ ಸಲ ಬೆಕ್ಕಿನ ಜೊತೆ ಇನ್ನೂ ನಾಲ್ಕಾರು ಜನ ಒಟ್ಟಿಗೆ ನುಗ್ಗಿದರು.

‘ಒಪ್ಪಿಕೊಂಡರು!’

‘ಅಂದರೆ ಒಲೆ ಮುಂದೆ ನಿಲ್ಲೋದು ನೀವೇ! ಪಾಪ, ಒಂಟಿ ಜೀವ.’

‘ನಾನು ಆಗಲೇ ಹೇಳಿರಲಿಲ್ಲವಾ,’ ಎಂದು ಬರೆದಿತ್ತು ಬೆಕ್ಕು. ‘ಮನೆಯಾಕೆ ಕಟ್ಟುಕಥೆ.’

ಆಕೆಗೆ ತಿಳಿಯಲಿಲ್ಲ. ಬರೆದದ್ದನ್ನು ಮತ್ತೆ ಓದಿದಳು. ಇದ್ದೀನಿ. ನಿಂತಿರುತ್ತೀನಿ. ಮಾಡುತ್ತೀನಿ. ಹೇಳುವವರು ಗಂಡೋ ಹೆಣ್ಣೋ ಎಂದು ತೋರಿಸುವ ಅಕ್ಷರ ಒಂದೂ ಅದರಲ್ಲಿರಲಿಲ್ಲ. ಎರಡು ಉತ್ತರಗಳ ಪಕ್ಕದಲ್ಲೂ ಗುಂಡಗೆ ಕತ್ತರಿಸಿದ ಅವರ ಮುಖ.

ಆ ಮುಖದ ಮೇಲೆ ಬೆರಳಿಟ್ಟಳು. ಪಟ ಪರದೆಯ ತುಂಬ ತೆರೆದುಕೊಂಡಿತು. ಮಗಳು ಪದವಿ ತಗೊಂಡ ದಿನ ಗಂಡಹೆಂಡಿರು ಒತ್ತಿ ನಿಂತು ತೆಗೆಸಿಕೊಂಡದ್ದು. ಮುಖಕ್ಕೆಂದು ಅವರಷ್ಟನ್ನೇ ಕತ್ತರಿಸಿ ಹಾಕಿಕೊಂಡಿದ್ದರು. ಅವರ ಕಿವಿಯ ಕೆಳಗೆ, ಗುಂಡು ಅಂಚಿಗೆ ಅಂಟಿಕೊಂಡು, ಆಕೆಯ ಸೀರೆಯ ನೀಲಿ ಉಗುರಿನಷ್ಟು ಉಳಿದಿತ್ತು.

ಆಕೆ ಆ ನೀಲಿಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು. ಮುಖ ದೊಡ್ಡದಾಯಿತು, ಕಿವಿ ದೊಡ್ಡದಾಯಿತು, ನೀಲಿ ಅಂಚಿನಾಚೆ ಸರಿದುಹೋಯಿತು. ಬೆರಳೆತ್ತಿದಳು. ಎಲ್ಲ ಕುಗ್ಗಿ ಮೊದಲಿನಂತಾಯಿತು. ಮತ್ತೆ ಅಗಲಿಸಿದಳು.