ಗುಂಡುತೋಪಿನ ಅರ್ಜಿ

ನಾನು ಬರೆದ ನಾಲ್ಕು ಪುಟದ ಅರ್ಜಿಯಲ್ಲಿ ಮೂರು ಪುಟ ಅಜ್ಜಿ ಹೇಳಿದ ಕಥೆಯೇ ಇತ್ತು. ಕೊನೆಯ ಪುಟದಲ್ಲಿ ನಮ್ಮ ಬೀದಿಯ ಇಪ್ಪತ್ತೆರಡು ಮನೆಯವರ ಹೆಸರು, ಎದುರಿಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಒಬ್ಬರೂ ಓದಿ ನೋಡಲಿಲ್ಲ. ಬೊಂಬೆಗಳಿಗೆ ಬಣ್ಣ ಹಾಕುವ ಫಿರೋಜಾ ಅಕ್ಕ ಅರಗಿನ ಕೆಂಪು ಮೆತ್ತಿದ ಬೆರಳಲ್ಲೇ ಪೆನ್ನು ಹಿಡಿದು, "ನೀನು ಬರ್ದಿದ್ಮೇಲೆ ನಾವೇನು ಓದೋದೇ," ಅಂದಿದ್ದಳು.

ಹೊಂಗನೂರು ದಾಟಿದ ಮೇಲೆ ಸಿಗುವ ಕೋಟೆರಂಗಾಪುರ ನಮ್ಮೂರು. ಕೋಟೆ ಅನ್ನುವುದಕ್ಕೆ ಈಗ ಉಳಿದಿರುವುದು ಒಂದು ಮಣ್ಣಿನ ದಿಬ್ಬ, ಅದರ ಮೇಲೊಂದು ಮೊಬೈಲ್ ಟವರ್. ಗುಡಿ ಮಾತ್ರ ಗಟ್ಟಿಯಾಗಿದೆ. ಶನಿವಾರ ಭಾನುವಾರ ಕಾರುಗಳು ರಥಬೀದಿ ತುಂಬಿ ಶಾಲೆಯ ಮೈದಾನದವರೆಗೂ ನಿಲ್ಲುತ್ತವೆ. ಅವುಗಳಿಗೆ ಜಾಗ ಮಾಡಲು ಪಟ್ಟಣ ಪಂಚಾಯಿತಿಯವರ ಕಣ್ಣು ಗುಡಿಯ ಬೆನ್ನಿಗಿರುವ ನಮ್ಮ ಬೀದಿಯ ಮೇಲೆ ಬಿತ್ತು. ಮನೆಗಳ ದಾಖಲೆ ತೋರಿಸಿ ಎಂದು ತಾಲ್ಲೂಕು ಕಚೇರಿಯಿಂದ ನೋಟಿಸು ಬಂತು. ನಮ್ಮಲ್ಲಿ ಯಾರ ಹತ್ತಿರವೂ ಹಕ್ಕುಪತ್ರ ಇಲ್ಲ. ಕಂದಾಯದ ರಸೀದಿ ಇದೆ, ಕರೆಂಟ್ ಬಿಲ್ಲಿದೆ. ಗುಡಿಯಲ್ಲಿ ಚಪ್ಪಲಿ ಕಾಯುವ ದೊಡ್ಡಹನುಮಯ್ಯನ ಹತ್ತಿರ ಅದೂ ಅರ್ಧಂಬರ್ಧ.

ನಾನು ಕಾನ್ವೆಂಟಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹಾಗಾಗಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೇಕಿದ್ದದ್ದು ಇಷ್ಟೇ: ಇಷ್ಟು ವರ್ಷದಿಂದ ಇದ್ದೇವೆ, ಇಷ್ಟು ಕಂದಾಯ ಕಟ್ಟಿದ್ದೇವೆ. ನನಗೆ ಅದು ಬಡಕಲು ಅನ್ನಿಸಿತು. ನಮ್ಮ ಬೀದಿಗೊಂದು ಕಥೆಯಿದೆಯಲ್ಲ, ಅದನ್ನು ಬಿಟ್ಟು ಬರೀ ರಸೀದಿ ನಂಬರು ಬರೆಯುವುದೇ?

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಅಂಬುಜಮ್ಮಜ್ಜಿ ಊಟಕ್ಕೆ ಕೂರಿಸಿ ಹೇಳುತ್ತಿದ್ದ ಕಥೆ ಅದು. ಹಿಂದೆ ಕೋಟೆಯ ಮೇಲೊಂದು ಗುಂಡು ಹಾರಿಸುವ ತೋಪು ಇತ್ತಂತೆ, ಆನೆಯ ಸೊಂಡಿಲಿನಷ್ಟು ಉದ್ದ. ಶತ್ರು ಬಂದ ದಿನ ತೋಪಿನವನು ಗುಡಿಯ ಕಡೆ ಕೈಮುಗಿದು ಬತ್ತಿಗೆ ಬೆಂಕಿಯಿಟ್ಟ. ಗುಂಡು ದಾರಿ ತಪ್ಪಿ ಗೋಪುರದ ಮೇಲೆ ಹಾರಿತು. ಆದರೆ ಒಂದು ಕಲ್ಲೂ ಅಲುಗದ ಹಾಗೆ ಗುಡಿ ದಾಟಿ, ಹಿಂದಿನ ಬಯಲಲ್ಲಿ ಮೆತ್ತಗೆ ಇಳಿಯಿತು, ಕೋಳಿ ಮೊಟ್ಟೆ ಇಟ್ಟ ಹಾಗೆ. ದೊರೆ ಆ ಗುಂಡು ಕಾಯಲು ನಮ್ಮ ಹಿರಿಯರನ್ನು ಅಲ್ಲಿ ಕೂರಿಸಿದ. ಅದಕ್ಕೇ ನಮ್ಮದು ಗುಂಡುತೋಪಿನ ಬೀದಿ.

ಪಂಚಾಯಿತಿ ಪುಸ್ತಕದಲ್ಲಿ ನಮ್ಮದು ಬರೀ 'ನಾಲ್ಕನೇ ಅಡ್ಡರಸ್ತೆ'. ಅದನ್ನು ಕಂಡರೆ ನನಗೆ ಚಿಕ್ಕಂದಿನಿಂದ ಸಿಟ್ಟು. ಅರ್ಜಿಯ ಮೊದಲ ಸಾಲಲ್ಲೇ ಬರೆದೆ: 'ಅನಾದಿ ಕಾಲದಿಂದಲೂ ಗುಂಡುತೋಪು ಎಂದೇ ಪ್ರಸಿದ್ಧವಾದ ಈ ಸ್ಥಳದಲ್ಲಿ ವಾಸಿಸುತ್ತಿರುವ ನಾವು...'

ವಾರದ ನಂತರ ತಾಲ್ಲೂಕು ಕಚೇರಿಯ ಗುಮಾಸ್ತ ದೇವರಾಜು ಫೋನ್ ಮಾಡಿ ಬರಹೇಳಿದರು. ಹೋದಾಗ ಅವರ ಮುಂದೆ ನನ್ನ ಅರ್ಜಿ ಇತ್ತು. ಮೊದಲ ಸಾಲಿನ ಕೆಳಗೆ ಕೆಂಪು ಗೆರೆ.

"ಇದೇನ್ರಮ್ಮ, ಅರ್ಜಿನೋ ಹರಿಕಥೆನೋ?"

"ಇತಿಹಾಸ ಸಾರ್."

"ಸರಿ. ಗುಂಡುತೋಪು ಅಂದ್ರೆ ಏನು ಅಂತ ಗೊತ್ತೈತಾ?"

ನಾನು ತೋಪು, ಗುಂಡು, ಗೋಪುರ ಎಲ್ಲಾ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಮಾವಿನತೋಪು ಅಂತೀವಲ್ಲ, ಆ ತೋಪು ಕಣಮ್ಮ ಇದು. ಊರೊಟ್ಟಿನ ಮರದ ತೋಪಿಗೆ ನಮ್ಮ ರೆಕಾರ್ಡಲ್ಲಿ ಗುಂಡುತೋಪು ಅಂತ್ಲೇ ಬರೆಯೋದು. ಸಾರ್ವಜನಿಕರ ಜಾಗ. ಅಲ್ಲಿ ಮನೆ ಕಟ್ಕೊಂಡ್ರೆ ಎಷ್ಟು ವರ್ಷ ಇದ್ರೂ ಒತ್ತುವರಿನೇ." ಅವರು ದನಿ ತಗ್ಗಿಸಿದರು. "ನಿಮ್ಮ ಬೀದಿ ಹಳೇ ನಕ್ಷೆ ಗೆದ್ದಲು ತಿಂದೋಗೈತೆ. ಅದು ಏನಾಗಿತ್ತು ಅಂತ ಈ ಆಫೀಸಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಈಗ ನೀವೇ ಬರ್ಕೊಟ್ಟಿದ್ದೀರ, ಇಪ್ಪತ್ತೆರಡು ಜನ ಸಹಿ ಹಾಕಿ."

"ವಾಪಸ್ ಕೊಟ್ಬಿಡಿ ಸಾರ್. ಈಗ್ಲೇ ಬೇರೆ ಬರೀತೀನಿ."

"ಟಪಾಲಲ್ಲಿ ನಂಬರ್ ಬಿದ್ದೈತೆ. ಸ್ಕ್ಯಾನ್ ಆಗೈತೆ. ನಾನು ಹರಿದಾಕಿದ್ರೂ ಕಂಪ್ಯೂಟರ್ ಹರಿಯಕ್ಕಾಗ್ತದಾ?"

ನಾನು ಅಲ್ಲೇ ನಿಂತಿದ್ದೆ. ಸಾಲಿನಲ್ಲಿ ಹಿಂದಿದ್ದವರು ಎರಡು ಸಲ ಭುಜ ತಟ್ಟಿದರೂ ಸರಿಯಲಿಲ್ಲ. ಕೊನೆಗೆ ದೇವರಾಜು ಅವರೇ ಕನಿಕರದಿಂದ ಒಂದು ದಾರಿ ಹೇಳಿದರು. ಮಂಗಳವಾರ ವಿಚಾರಣೆ. ಬೀದಿಯ ಹಿರಿಯರೊಬ್ಬರು ಬಂದು, ಅಲ್ಲಿ ಯಾವತ್ತೂ ಮರ ಇರಲಿಲ್ಲ, ಹೆಸರು ಬರೀ ಬಾಯಿಮಾತಿನದು ಎಂದು ಹೇಳಿಕೆ ಕೊಟ್ಟರೆ ತಹಶೀಲ್ದಾರ್ ಮೇಡಂ ಅದನ್ನೂ ಬರೆಸಿಕೊಳ್ಳಬೇಕಾಗುತ್ತದೆ. ಅನುಮಾನ ಉಳಿದರೆ ಮನೆಗಳೂ ಉಳಿಯಬಹುದು.

ಬೀದಿಯವರಿಗೆ ನಾನು ಹೇಳಲಿಲ್ಲ. ಐದು ದಿನ ಫಿರೋಜಾ ಅಕ್ಕ ಎದುರಾದಾಗಲೆಲ್ಲ "ಏನಾಯ್ತೇ?" ಅಂದರೆ "ನಡೀತಿದೆ ಅಕ್ಕ," ಅಂದೆ. ನಮ್ಮ ಬೀದಿಯಲ್ಲಿ ಅಜ್ಜಿಗಿಂತ ಹಿರಿಯರಿಲ್ಲ. ಊರಿಗೆಲ್ಲ ಕಥೆ ಕಟ್ಟಿ ಹೇಳಿದವಳು. ಮರ ಇರಲಿಲ್ಲ ಅನ್ನುವ ಒಂದು ಮಾತು ಅವಳಿಗೆ ಯಾವ ಲೆಕ್ಕ? ಮಂಗಳವಾರ ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಮೂರು ಸಲ ಹೇಳಿಕೊಟ್ಟೆ.

"ಮರ ಇದ್ವಾ ಅಂದ್ರೆ?"

"ಇಲ್ಲ ಅನ್ಬೇಕು."

"ಬೇರೇನೂ ಮಾತಾಡ್ಬೇಡ ಅಜ್ಜಿ. ಬರೀ ಇಲ್ಲ ಅನ್ನು."

"ಹೂಂ ಕಣವ್ವ, ನಂಗೇನು ಕಿವುಡಾ?" ಅಂದು ಕಿಟಕಿಯ ಕಡೆ ತಿರುಗಿದಳು.

ತಹಶೀಲ್ದಾರ್ ಮೇಡಂ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು. ಅಜ್ಜಿಗೆ ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಪಕ್ಕದಲ್ಲಿ ಟೈಪ್ ಮಾಡುವ ಹುಡುಗಿ ಬೆರಳು ಸಿದ್ಧ ಮಾಡಿಕೊಂಡು ಕೂತಿದ್ದಳು.

"ಅಜ್ಜಿ, ನೀವು ಆ ಬೀದಿಗೆ ಬಂದಾಗ ಅಲ್ಲಿ ಮರ ಇದ್ವಾ?"

ಅಜ್ಜಿ ಮೇಡಂ ಮುಖ ನೋಡಲಿಲ್ಲ. ಆ ಹುಡುಗಿಯ ಬೆರಳುಗಳನ್ನೇ ನೋಡಿದಳು.

"ಇದ್ವು ತಾಯಿ."

ನಾನು ಹಿಂದಿನಿಂದ ಅವಳ ಸೆರಗು ಜಗ್ಗಿದೆ. ಅವಳು ಸೆರಗನ್ನು ಎಳೆದುಕೊಂಡು ಮುಂದುವರಿಸಿದಳು. "ಹುಣಸೆ, ಹಿಪ್ಪೆ. ಅರವತ್ತರ ಮೇಲಿದ್ವಂತೆ. ನಾನು ಮದ್ವೆಯಾಗಿ ಬಂದಾಗ ಹತ್ತೋ ಹನ್ನೆರಡೋ ಉಳ್ಕಂಡಿದ್ವು. ಅವನ್ನೂ ಕಡುದ್ರು. ನಮ್ಮನೆ ತೊಲೆ ಅದ್ರುದ್ದೇಯ."

ಟೈಪಿನ ಸದ್ದು ನಿಂತ ಮೇಲೆ ಮೇಡಂ ಅದನ್ನು ಓದಿಸಿ ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಂಡರು. ಹದಿನೈದು ದಿನದಲ್ಲಿ ಖಾಲಿ ಮಾಡಬೇಕೆಂದು ಆದೇಶವಾಗುತ್ತದೆ, ಬೇಕಿದ್ದರೆ ಮೇಲ್ಮನವಿ ಹಾಕಿಕೊಳ್ಳಿ ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬಿದ್ದಾದರೂ ಕೇಳಬಹುದಿತ್ತು.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನಾನು ಅತ್ತೆ.

"ಒಂದೇ ಒಂದು ಮಾತು ಅಜ್ಜಿ. ಅಷ್ಟೊಂದು ಕಥೆ ಹೇಳ್ತೀಯ. ತೋಪು, ಗುಂಡು, ದೊರೆ. ಇದೊಂದು ಆಗ್ಲಿಲ್ವಾ ನಿನ್ ಕೈಲಿ?"

"ತೋಪೂ ಇಲ್ಲ, ದೊರೇನೂ ಇಲ್ಲ. ಅದು ನಮ್ಮತ್ತೆ ಕಟ್ಟಿದ್ದು." ಅಜ್ಜಿ ಹೆಬ್ಬೆರಳಿಗಂಟಿದ ಶಾಯಿಯನ್ನು ಕಟ್ಟೆಗೆ ಒರೆಸಿದಳು. "ಊರೋರ ಮರ ಕಡುದು ಊರೋರ ಜಾಗ್ದಲ್ಲಿ ಮನೆ ಹಾಕ್ಕಂಡ್ವಿ. ಮಕ್ಕಳು ದೊಡ್ಡೋರಾಗಿ, ಗುಂಡುತೋಪು ಅಂತೀರಲ್ಲ ಮರ ಎಲ್ಲಿ ಅಂದ್ರೆ ಏನ್ ಹೇಳದು? ಅದಕ್ಕೆ ಕೋಟೆ ಮೇಲೊಂದು ತೋಪು ಇಟ್ಳು ನಮ್ಮತ್ತೆ. ನಾನೂ ಹಂಗೇ ಹೇಳ್ಕಂಡ್ ಬಂದೆ."

"ಹಾಗಿದ್ರೆ ಅಲ್ಲೂ ಹಂಗೇ ಹೇಳ್ಬೋದಿತ್ತು."

"ಮಕ್ಕಳಿಗೆ ಅನ್ನ ಕಲಸ್ತಾ ಹೇಳದು ಬೇರೆ ಕಣವ್ವ. ಬರ್ಕಳೋರ ಮುಂದೆ ಹೇಳದು ಬೇರೆ. ನೀನು ಅದನ್ನ ಹೋಗಿ ಕಾಗದದಲ್ಲಿ ಬರೀತೀಯ ಅಂತ ನಂಗೇನ್ ಗೊತ್ತು?"

ಬಸ್ಸು ಬಂತು, ನಾವು ಹತ್ತಿದೆವು. ಇಷ್ಟು ವರ್ಷ ಯಾವ ಕಥೆಯ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದೆನೋ ಅದು ಒಂದು ಮುಚ್ಚಳ ಅಷ್ಟೇ, ಕೆಳಗಿದ್ದದ್ದು ಕಡಿದ ಬುಡಗಳು. ಆ ಮುಚ್ಚಳವನ್ನು ಎಲ್ಲರೆದುರು ತೆಗೆದವಳು ನಾನು.

ನಾವು ತಾಲ್ಲೂಕು ಕಚೇರಿಗೆ ಹೋದದ್ದು ತಿಳಿದು ಬೀದಿಯ ನಲ್ಲಿಯ ಹತ್ತಿರ ಎಲ್ಲರೂ ಕಾಯುತ್ತಿದ್ದರು. ಅಜ್ಜಿಯೇ ಮೊದಲು ಶುರುಮಾಡಿದಳು. "ಮರ ಇದ್ವು ಅಂತ ಅಂದೋಳು ನಾನು."

"ಇಲ್ಲ. ತಪ್ಪಾಗಿದ್ದು ನನ್ನ ಅರ್ಜಿಯಿಂದ," ಅಂದೆ. ಆಮೇಲೆ ಎಲ್ಲಾ ಹೇಳಿದೆ. ಕೆಂಪು ಗೆರೆ, ಐದು ದಿನ ಮುಚ್ಚಿಟ್ಟದ್ದು, ಹದಿನೈದು ದಿನದ ಗಡುವು. ಯಾರೂ ಕೂಗಾಡಲಿಲ್ಲ. ದೊಡ್ಡಹನುಮಯ್ಯ ಮಾತ್ರ "ನಾಲ್ಕನೇ ಅಡ್ಡರಸ್ತೆ ಅಂತ ಬರ್ದಿದ್ರೆ ನಿನ್ ಗಂಟೇನಮ್ಮ ಹೋಗ್ತಿತ್ತು?" ಅಂದು ತಲೆಯ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

ಫಿರೋಜಾ ಅಕ್ಕ ನನ್ನೆದುರಿಗೆ ಬಂದು ನಿಂತಳು. "ಐದು ದಿನ ಕೇಳ್ದೆ ನಾನು. ನಡೀತಿದೆ ಅಂದೆ."

"ಹೆದರ್ಕೊಂಡೆ ಅಕ್ಕ."

"ನಮಗೇನು ಭಯ ಇಲ್ವಾ?" ಒಳಗೆ ಹೋಗಿ ಒಂದು ಬಿಳಿ ಹಾಳೆ ತಂದು ನನ್ನ ಕೈಗಿಟ್ಟಳು. "ಅದೇನೋ ಮೇಲ್ಮನವಿ ಅಂದ್ರಲ್ಲ, ಬರಿ. ಈ ಸಲ ನಾವು ಹೇಳ್ತೀವಿ. ನೀನು ಬರಿ ಅಷ್ಟೇ."

ನಲ್ಲಿಯ ಕಟ್ಟೆಯ ಮೇಲೆ ಕೂತೆ. ಒಬ್ಬರು ಕಂದಾಯ ಅಂದರು, ಇನ್ನೊಬ್ಬರು ಮಕ್ಕಳ ಸ್ಕೂಲು ಅಂದರು, ಯಾರೋ ದೇವರ ಹೆಸರು ಹೇಳಿದರು. ಹೇಳಿದ್ದೆಲ್ಲ ಹಾಳೆಗೆ ಬರುವ ಮೊದಲೇ ಇನ್ನೊಬ್ಬರು ಬೇಡ ಅನ್ನುತ್ತಿದ್ದರು. ಯಾವ ಮಾತಿನಲ್ಲಿ ಏನು ಅಡಗಿದೆಯೋ ಎಂದು ಎಲ್ಲರಿಗೂ ಮಾತಿನ ಮೇಲೇ ಗುಮಾನಿ. ಕೊನೆಗೆ ಒಂದು ಸಾಲು ನಿಂತಿತು. ಅದರಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಧೈರ್ಯವಾಗಲಿಲ್ಲ.

"ಓದು," ಅಂದಳು ಫಿರೋಜಾ ಅಕ್ಕ.

"ನಮಗೆ ಹೋಗಲು ಬೇರೆ ಜಾಗವಿಲ್ಲ."

"ಇನ್ನೊಂದ್ಸಲ."

ಓದಿದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಸಹಿ ಹಾಕುವ ಮುಂಚೆ ಹಾಳೆಯನ್ನು ಬೆಳಕಿಗೆ ಹಿಡಿದು ಮಗುಚಿ, ಹಿಂಬದಿಯಲ್ಲಿ ನಾನು ಇನ್ನೇನಾದರೂ ಬರೆದಿದ್ದೇನೆಯೇ ಎಂದು ನೋಡಿದಳು.