ಧೂಳಿನ ಫೋಟೋದಾಂವ

"ಬರ್ರಿ, ಎಲ್ಲಾರೂ ನೋಡ್ರಿ! ನಮ್ಮ ಹೋರೀದು ಬಾಲ ಎಷ್ಟ ಚಂದ ಬಂದೈತಿ! ಮಾರಿ ಎಲ್ಲೈತಿ ಅಂತ ಕೇಳಬ್ಯಾಡ್ರಿ, ಧೂಳಿನ್ಯಾಗ ಐತಿ. ಆರನೇತ್ತಕ್ಕ ಸಾಲಿ ಬಿಟ್ಟಾಂವನ ಕೈಯಾಗ ಕ್ಯಾಮರಾ ಕೊಟ್ರ ಹಿಂಗ ಆಗ್ತೈತಿ!"

ರಾಣೆಬೆನ್ನೂರಿನ ಚಹಾದಂಗಡಿಯಲ್ಲಿ ಹೋರಿಯ ಮಾಲೀಕ ಅಂದಾನೆಪ್ಪ ಫೋಟೋ ಎತ್ತಿ ಹಿಡಿದಿದ್ದ. ಅಂಗಡಿ ತುಂಬ ನಗು. ಫೋಟೋ ತೆಗೆದ ದುರುಗೇಶನ ಕಿವಿ ಕೆಂಪಗೆ ಕಾದವು. ನಾಲಿಗೆಯ ತುದಿಗೆ ಬಂದ ಬೈಗುಳವನ್ನೆಲ್ಲ ಚಹಾದ ಜೊತೆ ನುಂಗಿದ.

ತಪ್ಪು ಅವನ ಕೈಯದಲ್ಲ, ಮೆಮೊರಿ ಕಾರ್ಡಿನದು. ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಓಡುವ ಹೋರಿ ಕಣ್ಣೆದುರು ಇರುವುದೇ ಮೂರು ಸೆಕೆಂಡು. ಕ್ಯಾಮರಾ ನಾಲ್ಕು ಸಲ ಟಕ್ ಎಂದು ನಿಂತುಬಿಡುತ್ತಿತ್ತು. ಕಾರ್ಡು ಅಷ್ಟನ್ನು ಬರೆದುಕೊಳ್ಳುವುದರೊಳಗೆ ಹೋರಿ ದಾಟಿ ಧೂಳು ಉಳಿಯುತ್ತಿತ್ತು. ಭಾನುವಾರ ಬ್ಯಾಡಗಿಯಲ್ಲಿ ಅದೇ ಹೋರಿ ಓಡುವುದಿತ್ತು. ಬ್ಯಾಡಗಿ ದುರುಗೇಶನ ಸ್ವಂತ ಊರು. ಅಲ್ಲೂ ಬಾಲವೇ ಬಂದರೆ ಇನ್ನು ಯಾರೂ ಅವನನ್ನು ಫೋಟೋಕ್ಕೆ ಕರೆಯುವುದಿಲ್ಲ.

ಹಾವೇರಿಯ ಕ್ಯಾಮರಾ ಅಂಗಡಿಯ ಶಾಬುದ್ದೀನ ಎರಡು ಕಾರ್ಡು ಮುಂದಿಟ್ಟ. "ಇದು ಆರು ನಂಬರಿಂದು, ಸ್ಪೀಡ್ ಜಾಸ್ತಿ, ಒಂಬೈನೂರು. ಇದು ನಾಲ್ಕಿಂದು, ಐನೂರು. ಓಡೋದನ್ನ ಹಿಡೀಬೇಕಂದ್ರ ಆರೇ ಒಯ್ಯಿ ತಮ್ಮಾ."

"ಹಾಕಿ ನೋಡ್ತೇನ್ರಿ."

"ಪ್ಯಾಕ್ ಒಡದ್ರ ಮತ್ತ ಯಾರು ತಗೋತಾರ? ಮ್ಯಾಲ ಬರದೈತಲ್ಲ!"

"ಚೀಲದ ಮ್ಯಾಲ ಬರದದ್ದ ನೋಡಿ ನಮ್ಮ ಬ್ಯಾಡಗ್ಯಾಗ ಯಾರೂ ಮೆಣಸಿನಕಾಯಿ ತಗೊಳ್ಳಂಗಿಲ್ರಿ ಚಾಚಾ. ಒಳಗ ಕೈ ಹಾಕಿ, ಮುರದು ನೋಡ್ತಾರ."

ಶಾಬುದ್ದೀನ ಹೊಟ್ಟೆ ಹಿಡಿದು ನಕ್ಕ. ಎರಡೂ ಪ್ಯಾಕು ತಾನೇ ಹರಿದ.

ದುರುಗೇಶ ರಸ್ತೆಯ ಸೈಕಲ್ಲಿಗೆ ಗುರಿಯಿಟ್ಟ. ಒಂಬೈನೂರರ ಕಾರ್ಡು ಐದಕ್ಕೇ ಸುಸ್ತು. ಐನೂರರದ್ದು ನಿಲ್ಲಲೇ ಇಲ್ಲ. ಗಿರಾಕಿಗಳೆಲ್ಲ ಗಟ್ಟಿಯಾಗಿ ಎಣಿಸಿದರು: "ಒಂಬತ್ತ! ಹತ್ತ! ಹನ್ನೊಂದ!"

"ಆರು ಅಂತ ಹೇಳಿ ನನಗ ಮಾರಿದಾಂವ ಬರ್ಲಿ, ಅವನ್ನ ಮುರದು ನೋಡ್ತೇನಿ!" ಎಂದ ಶಾಬುದ್ದೀನ. ದುರುಗೇಶ ಐನೂರು ಎಣಿಸಿಕೊಟ್ಟು ನಾಲ್ಕರ ಕಾರ್ಡನ್ನೇ ಒಯ್ದ.

ಭಾನುವಾರ ಹೋರಿ ಕೊರಳಿನ ಕೊಬ್ಬರಿ ಹಾರ ಕುಣಿಸುತ್ತ ನುಗ್ಗಿತು. ಅದು ದಾಟುವ ತನಕ ದುರುಗೇಶ ಕ್ಯಾಮರಾದ ಗುಂಡಿಯಿಂದ ಬೆರಳು ಎತ್ತಲಿಲ್ಲ.

ಮರುದಿನ ಅದೇ ಚಹಾದಂಗಡಿಯ ಮೇಜಿನ ಮೇಲೆ ಒಂದು ಫೋಟೋ ಇಟ್ಟ. ಹೋರಿಯ ನಾಲ್ಕೂ ಕಾಲು ಗಾಳಿಯಲ್ಲಿ, ಕಣ್ಣು ಕೆಂಡ. ಹಿಂದೆ ಅಂದಾನೆಪ್ಪ: ರುಮಾಲು ಒಂದು ಕಡೆ ಹಾರಿದೆ, ಧೋತರ ಕೈಯಲ್ಲಿದೆ, ಬಾಯಿ ತೆರೆದಿದೆ. ಜನ ಬೆಂಚು ಬಡಿದು ನಕ್ಕರು. ಅಂದಾನೆಪ್ಪನೂ ತಡೆಯಲಾಗದೆ ನಕ್ಕ.

"ಲೇ ತಮ್ಮಾ, ನಮ್ಮ ಹೋರಿ ಹಾರಾಕತ್ತೈತಲ್ಲೋ! ಹೆಂಗ ಹಿಡದಿ?"

ನಾಲ್ಕು ದಿನದಿಂದ ಮಸೆದಿಟ್ಟ ಉತ್ತರ ದುರುಗೇಶನ ಬಳಿ ಇತ್ತು. ಅದನ್ನೂ ಚಹಾದ ಕೊನೆಯ ಗುಟುಕಿನ ಜೊತೆ ನುಂಗಿ, ಕ್ಯಾಮರಾ ಚೀಲ ಹೆಗಲಿಗೇರಿಸಿ ಎದ್ದ.

"ಏ ದುರುಗೇಶಾ! ಮುಂದಿನ ವಾರ ಐರಣಿ ಊರಾಗ ಹೋರಿ ಓಡ್ತೈತಿ, ಫೋಟೋಕ್ಕ ನೀನ ಬರಬೇಕು ನೋಡಪಾ! ಬರ್ತಿಯಿಲ್ಲೋ?" ಅಂದಾನೆಪ್ಪ ಹಿಂದಿನಿಂದ ಕೂಗಿದ.

ದುರುಗೇಶ ತಿರುಗಲಿಲ್ಲ. ತಿರುಗಿದರೆ ಮುಖದ ತುಂಬ ಇದ್ದ ನಗು ಕಾಣುತ್ತಿತ್ತು. ಬಸ್‌ಸ್ಟ್ಯಾಂಡಿನ ಕಡೆ ನಡೆದುಹೋದ.