ಆಚಾರ್ರ ಬಲತೋಳು

ಅಂಗಿಯ ಎಡತೋಳು ಹೇಗೋ ಏರಿತು. ಬಲತೋಳು ಮಾತ್ರ ಮೊಣಕೈ ದಾಟಿದ್ದೇ ತಡ, ಇನ್ನು ಒಂದು ಬೆರಳೂ ಮೇಲೆ ಬರುವುದಿಲ್ಲವೆಂದು ನಿಂತುಬಿಟ್ಟಿತು.

"ಎತ್ರಲಾ ಕೈಯ. ಇನ್ನೊಸಿ ಎತ್ರಿ," ಎಂದು ಚಿಕ್ಕಸ್ವಾಮಿ ಏದುಸಿರು ಬಿಟ್ಟ. ಎರಡು ಮೂಟೆ ಭತ್ತವನ್ನು ಎರಡು ಕಂಕುಳಲ್ಲಿಟ್ಟುಕೊಂಡು ಕೆರೆ ಏರಿ ಹತ್ತುವ ಗಂಡಸು ಅವನು. ಈಗ ಮೂವರನ್ನು ಜೊತೆಗೆ ಹಾಕಿಕೊಂಡು ಒಂದು ಹೆಣದ ತೋಳಿಗೆ ಸೋಲುತ್ತಿದ್ದ.

"ಬದುಕಿದ್ದಾಗ್ಲೇ ಬಗ್ಗದ ಕೈ ಈಗ ಬಗ್ತದೇನ್ರೋ?" ಗೋಡೆಗೆ ಒರಗಿದ್ದ ಮುದುಕಿ ಬೆಟ್ಟಮ್ಮ ಕೂಗಿದಳು. "ಕತ್ತರಿ ಇಸ್ಕೊಂಡು ಅಂಗಿ ತೋಳ ಕೊಯ್ದಾಕಿ. ಆಚಾರಿ ಏನು ಮದ್ವೆಗೋಯ್ತಾವ್ನಾ?"

ಅಂಗಿ ತಂದವಳು ಆಚಾರ್ರ ಮಗಳು ಅನುಶ್ರೀ. ಕೆ.ಆರ್. ಪೇಟೆಯಲ್ಲಿ ಬೆಳಿಗ್ಗೆ ಅಂಗಡಿ ಬಾಗಿಲು ತಟ್ಟಿ ತೆಗೆಸಿ, ಅಲ್ಲಿದ್ದ ಅತಿ ದೊಡ್ಡ ಅಳತೆಯದನ್ನೇ ಕೇಳಿ ತಂದಿದ್ದಳು. ಆದರೂ ಸಾಲಲಿಲ್ಲ.

ಸಾಲುವುದಾದರೂ ಹೇಗೆ? ಕಮ್ಮಾರ ರಾಮಚಂದ್ರಾಚಾರ್ರ ಬಲತೋಳಿನ ಸುದ್ದಿ ಗೊತ್ತಿಲ್ಲದವರು ದೇವಲಾಪುರ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಅದು ಸುತ್ತಿಗೆ ಎತ್ತಿದರೆ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರು. ಕುಲುಮೆಯಿಂದ ಹಾರಿದ ಕಿಡಿ ಕೆ.ಆರ್.ಎಸ್. ಹಿನ್ನೀರಿಗೆ ಬಿದ್ದು ಚುಂಯ್ ಎಂದ ಮೇಲೇ ಆರುತ್ತಿತ್ತು. ತಾಲ್ಲೂಕಿನ ಅರ್ಧ ಕುಡುಗೋಲು ಆ ತೋಳು ತಟ್ಟಿದ್ದು. ಉಳಿದರ್ಧ ಅದನ್ನು ನೋಡಿ ಬೇರೆಯವರು ಕದ್ದು ಕಲಿತದ್ದು.

ಕತ್ತರಿ ಬಂತು. ಕೊಯ್ದ ಅಂಗಿತೋಳಿನ ತುಂಡು ನೆಲಕ್ಕೆ ಬೀಳುವ ಮೊದಲೇ ತಲೆಯ ಬಳಿ ಕೂತಿದ್ದ ಹೆಂಡತಿ ನಾಗಲಕ್ಷ್ಮಮ್ಮ ಅದನ್ನು ಹಿಡಿದು ಮಡಿಲಿಗೆ ಹಾಕಿಕೊಂಡರು. ಆಮೇಲೆ ಪಕ್ಕದಲ್ಲಿ ಯಾರಿದ್ದಾರೆಂದೂ ನೋಡದೆ ಕೇಳಿದರು:

"ನಾ ಕೊಟ್ಟ ಮಾತ್ರೆಯಿಂದ್ಲೇ ಇಂಗಾಯ್ತೇನವ್ವ?"

ನಿನ್ನೆ ಮಧ್ಯಾಹ್ನದಿಂದ ಅವರು ಬಂದವರನ್ನೆಲ್ಲ ಕೇಳುತ್ತಿದ್ದದ್ದು ಇದೊಂದೇ ಮಾತು. ಆಚಾರ್ರು ಕುಲುಮೆಯಲ್ಲಿ ತಲೆ ಸುತ್ತಿ ಬಿದ್ದಿದ್ದರು. ಬಿದ್ದಾಗ ತಲೆ ಕಬ್ಬಿಣ ಬಡಿಯುವ ಅಡಿಗಲ್ಲಿನ ಅಂಚಿಗೆ ತಾಗಿತ್ತು.

"ಬಿಸ್ಲು ಕಣಕ್ಕ, ಬಿಸ್ಲು," ಎಂದ ಚಿಕ್ಕಸ್ವಾಮಿ. "ಈ ಬಿಸ್ಲಿಗೆ ಕಾಗೆಗೊಳೂ ಹಾರಾದು ಬುಟ್ಟು ನಡ್ಕೊಂಡ್ ಓಡಾಡ್ತಾವೆ. ನೀನ್ಯಾಕೆ ಮನ್ಸಿಗೆ ಅಚ್ಕೊಂಡಿಯೇ?"

ನಾಗಲಕ್ಷ್ಮಮ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಮುಂದಿನವರ ಕಡೆ ತಿರುಗಿದರು.

*

ಬಿಪಿ ನೋಡುವ ಮಿಶಿನ್ನು ಮನೆಗೆ ಬಂದದ್ದು ಶಿವರಾತ್ರಿಯ ಹಿಂದೆಮುಂದೆ. ಬಿಪಿ ತುಸು ಹೆಚ್ಚಿದೆ, ದಿನಕ್ಕೊಂದು ಮಾತ್ರೆ ನುಂಗಿ, ಮನೆಯಲ್ಲೇ ನೋಡಿಕೊಳ್ಳುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಅನುಶ್ರೀಯೇ ಕೊಂಡು ತಂದಳು. ತೋಳು ಎಷ್ಟು ದಪ್ಪ ಎಂದು ಅಂಗಡಿಯವನು ಕೇಳಿದಾಗ, ಎಲ್ಲರ ಹಾಗೇ ಎಂದಿದ್ದಳು.

ತೋಳಿಗೆ ಸುತ್ತುವ ಪಟ್ಟಿ ಆಚಾರ್ರ ಬಲತೋಳಿಗೆ ಮುಕ್ಕಾಲು ಸುತ್ತು ಬಂದು ಬಾಯಿ ಬಿಟ್ಟಿತು.

"ಎಡಗೈಗೆ ಕಟ್ಟಣ ಬನ್ರಿ," ಎಂದರು ನಾಗಲಕ್ಷ್ಮಮ್ಮ.

"ಸುತ್ತಿಗೆ ಇಡಿಯೋ ಕೈ ಬುಟ್ಟು ಎಡಗೈಗಾ? ಕೇಳ್ದೋರು ಏನಂದಾರೇ?"

ಆಗ ನಾಗಲಕ್ಷ್ಮಮ್ಮ ಹಳೆಯ ಸೀರೆಯ ಹಸಿರು ಅಂಚನ್ನು ಉದ್ದಕ್ಕೆ ಹರಿದು, ಪಟ್ಟಿಯ ಮೇಲೆ ಸುತ್ತಿ, ಕರುವಿಗೆ ಹಗ್ಗ ಬಿಗಿದ ಹಾಗೆ ಬಿಗಿದರು. ಮಿಶಿನ್ನು ಹೆರಿಗೆ ನೋವು ಬಂದಂತೆ ನರಳಿ ನೂರ ಎಪ್ಪತ್ತೆರಡು ತೋರಿಸಿತು.

ಮರುದಿನದಿಂದ ಆಚಾರ್ರ ಜಗಲಿ ದರ್ಬಾರಾಯಿತು. ಹಾಲು ಹಾಕಲು ಬಂದವರು, ಕೊಡಲಿ ಹದ ಮಾಡಿಸಲು ಬಂದವರು, ಕಡೆಗೆ ಕರೆಂಟು ಬಿಲ್ಲು ಕೊಡಲು ಬಂದವನೂ ತೋಳು ಚಾಚಿ ಕೂತ. ಸಣ್ಣ ತೋಳಿನವರದು ನೂರ ಇಪ್ಪತ್ತು, ನೂರ ಮೂವತ್ತು. ಹಸಿರು ಅಂಚು ಬೇಕಾದದ್ದು ಇಬ್ಬರಿಗೇ, ಆಚಾರ್ರಿಗೆ ಮತ್ತು ಚಿಕ್ಕಸ್ವಾಮಿಗೆ. ಚಿಕ್ಕಸ್ವಾಮಿಯದು ನೂರ ಐವತ್ತೆಂಟಕ್ಕೆ ನಿಂತಿತು.

"ಅಷ್ಟೇಯೇನ್ಲಾ ನಿನ್ ತಾಕತ್ತು?" ಆಚಾರ್ರು ಮೀಸೆ ತಿರುವಿದರು. "ಮೂಟೆ ಒರೋದೇ ಬೇರೆ, ಕಬ್ಬಿಣ ಬಗ್ಸೋದೇ ಬೇರೆ ಕಣ್ಲಾ!"

ಚಿಕ್ಕಸ್ವಾಮಿ ಸೋತ ಪೈಲ್ವಾನನಂತೆ ತಲೆ ತಗ್ಗಿಸಿಕೊಂಡು ಹೋದ. ಹೋದವನು ತನಗೂ ಮಾತ್ರೆ ಬರೆಸಿಕೊಂಡು ಬಂದ.

*

ಆರೋಗ್ಯ ಕೇಂದ್ರದ ನರ್ಸು ಭೂಮಿಕ ಹೆಣದ ಮೇಲೆ ಹಾರ ಇಟ್ಟು ಕೈಮುಗಿದು, ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದ ಅನುಶ್ರೀಯ ಬಳಿ ಬಂದು ನಿಂತಳು.

"ಅಕ್ಕ, ಆಚಾರ್ರು ಪಟ್ಟಿ ಬದಲಾಯಿಸ್ಲೇ ಇಲ್ವಾ?"

"ಯಾವ ಪಟ್ಟಿ?"

"ಹೋದ ತಿಂಗ್ಳು ನಮ್ ಕೇಂದ್ರಕ್ಕೆ ಬಂದಿದ್ರು, ತಲೆ ಸುತ್ತುತದೆ ಅಂತ. ನಮ್ಮತ್ರ ದಪ್ಪ ತೋಳಿಗೆ ಅಂತ ದೊಡ್ಡ ಪಟ್ಟಿ ಐತೆ, ಅದ್ರಲ್ಲಿ ನೋಡ್ದೆ. ನೂರ ಹದಿನೆಂಟು ಇತ್ತು. ಚಿಕ್ಕ ಪಟ್ಟಿ ಕಟ್ಟಿದ್ರೆ ಸುಳ್ಳೇ ಜಾಸ್ತಿ ತೋರಿಸ್ತದೆ, ಬಿಸ್ಲು ಕಾಲದಲ್ಲಿ ಬಿಪಿ ಇನ್ನೂ ಇಳೀತದೆ, ಚೆನ್ನಾಗಿ ನೀರು ಕುಡೀರಿ, ಡಾಕ್ಟ್ರಿಗೆ ತೋರ್ಸಿ ಮಾತ್ರೆ ವಿಚಾರ ಕೇಳ್ರಿ ಅಂತ ಸಾವಿರ ಸಲ ಹೇಳ್ದೆ."

"ಅಪ್ಪ ಏನಂದ್ರು?"

ಭೂಮಿಕಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "'ನನ್ ತೋಳಿಗೆ ನೂರ ಹದಿನೆಂಟೇನವ್ವ? ನಿನ್ ಮಿಶಿನ್ನು ಕೆಟ್ಟದೆ' ಅಂದ್ರು. ಹೊರಗೆ ಹೋಗಿ ಮತ್ತೆ ಬಾಗ್ಲಿಂದ ತಲೆ ಹಾಕಿ, 'ಚಿಕ್ಕಸ್ವಾಮಿಗೆ ಮಾತ್ರ ಯೋಳ್ಬ್ಯಾಡ' ಅಂದ್ರು."

ಒಲೆಯ ಉರಿ ಅನುಶ್ರೀಯ ಮುಖಕ್ಕೆ ಬಡಿಯುತ್ತಿತ್ತು. ಅವಳು ಹಿಂದೆ ಸರಿಯಲಿಲ್ಲ.

*

ಹಿಂದಿನ ದಿನ ಬೆಳಿಗ್ಗೆ ಆಚಾರ್ರು ಹಾಸಿಗೆಯಿಂದ ಎದ್ದವರು ಗೋಡೆ ಹಿಡಿದು ನಿಂತಿದ್ದರು.

"ಮನೆಯೇ ತಿರುಗ್ದಂಗಾಯ್ತದೆ ಕಣೇ. ಇವತ್ತು ಮಾತ್ರೆ ಬ್ಯಾಡ."

ನಾಗಲಕ್ಷ್ಮಮ್ಮ ಹಸಿರು ಅಂಚು ಬಿಗಿದರು. ನೂರ ಅರುವತ್ತೆಂಟು. "ಬಿಪಿ ಏರ್ಬುಟ್ಟದೆ, ಅದ್ಕೇ ತಲೆ ತಿರುಗ್ತಾ ಅದೆ. ಇವತ್ತು ಎರಡು ನುಂಗಿ."

"ಬ್ಯಾಡ ಅಂದ್ನಲ್ಲೇ."

"ಮಿಶಿನ್ನು ಸುಳ್ಳೇಳ್ತದೇನ್ರಿ? ನಿಮ್ ಜಂಬ ನಿಮ್ಮನ್ನ ತಿಂದ್ಬುಡ್ತದೆ, ನುಂಗ್ರಿ!"

ಮಿಶಿನ್ನು ಸುಳ್ಳು ಹೇಳುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವರು ಒಬ್ಬರೇ. ಅವರು ಹೆಂಡತಿಯನ್ನು ನೋಡಿದರು, ಜಗಲಿಯಲ್ಲಿ ಕಾದು ಕೂತವರನ್ನು ನೋಡಿದರು. ಎರಡು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಹೊರಗೆ ಕೇಳುವಂತೆ "ನೂರ ಅರುವತ್ತೆಂಟು!" ಎಂದು ಕೂಗಿ, ಕುಲುಮೆಗೆ ಹೋದರು.

*

ಹೆಣ ಎತ್ತುವ ಹೊತ್ತಿಗೆ ನಾಗಲಕ್ಷ್ಮಮ್ಮ ಮಗಳ ಮುಂಗೈ ಹಿಡಿದರು.

"ನೀನು ಓದ್ದೋಳು, ನೀನಾರಾ ಯೋಳು. ಬ್ಯಾಡ ಅಂದ್ರು ಕಣೆ ಅವ್ರು. ಬೈದು ನುಂಗುಸ್ದೆ. ಅದ್ರಿಂದ್ಲೇ ಅವ್ರ ಜೀವ ಓಯ್ತಾ?"

ಅನುಶ್ರೀ ತಾಯಿಯ ಮುಖ ನೋಡಿದಳು. ಒಂದೇ ದಿನದಲ್ಲಿ ಅದು ಅರ್ಧಕ್ಕರ್ಧ ಸಣ್ಣದಾಗಿತ್ತು.

"ಇಲ್ಲಮ್ಮ. ಮಿಶಿನ್ನು ಸರಿಯಾಗೇ ಇತ್ತು. ನೀನು ಮಾಡಿದ್ದೂ ಸರಿಯಾಗೇ ಇತ್ತು."

ನಾಗಲಕ್ಷ್ಮಮ್ಮನ ಬೆರಳು ಸಡಿಲವಾದವು. ಆಗ ಅವರು ಮೊದಲ ಸಲ ಗಟ್ಟಿಯಾಗಿ ಅತ್ತರು. ಎಂಥ ಅಳು! ಎದುರು ಮನೆಯ ಹಸುಗಳು ಮೇವು ಬಿಟ್ಟು ತಲೆ ಎತ್ತಿದವು. ಚಟ್ಟದ ಅಂಚಿನಿಂದ ಆಚಾರ್ರ ಬಲತೋಳು ಜಾರಿ ಹೊರಗೆ ತೂಗಾಡಿತು. ಚಿಕ್ಕಸ್ವಾಮಿ ಅದನ್ನು ಎತ್ತಿ ಎದೆಯ ಮೇಲಿಟ್ಟ. ಜಾರಿದಾಗಲೆಲ್ಲ ಇಡುತ್ತಲೇ ಹೋದ.

ಮಣ್ಣು ಮುಗಿಸಿ ಎಲ್ಲರೂ ವಾಪಸು ಬಂದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು, ಝಳ ಇಳಿದಿರಲಿಲ್ಲ. ಮೈಮೇಲೆ ನೀರು ಹುಯ್ದುಕೊಂಡು ಬಂದ ಚಿಕ್ಕಸ್ವಾಮಿ, ಹಚ್ಚಿಟ್ಟಿದ್ದ ದೀಪ ನೋಡಿ ಹೊರಬಂದವನು ಜಗಲಿಯ ಕಂಬ ತಬ್ಬಿಕೊಂಡ. ಹಾಗೇ ಕುಸಿದು ಕೂತ.

"ಏನಾಯ್ತೋ?" ಎಂದಳು ಬೆಟ್ಟಮ್ಮ.

"ಕಣ್ ಕತ್ಲೆ ಬಂದಂಗಾಯ್ತು ಕಣವ್ವ. ಮೂರ್ನಾಕು ದಿನದಿಂದ್ಲೂ ಇಂಗೇಯ."

ಯಾರೂ ಹೇಳದೆ ನಾಗಲಕ್ಷ್ಮಮ್ಮ ಎದ್ದರು. ಒಳಗಿನಿಂದ ಮಿಶಿನ್ನು ತಂದರು. "ಕೈ ಕೊಡಪ್ಪ. ಬಿಪಿ ಏರಿರ್ತದೆ. ನಿನ್ ಮಾತ್ರೆ ಜೇಬಲ್ಲೈತಾ?"

"ಐತೆ ಕಣಕ್ಕ."

ಪಟ್ಟಿ ಸುತ್ತಿದರು. ಅದು ಬಾಯಿ ಬಿಟ್ಟಿತು. ಅವರು ಹಸಿರು ಅಂಚನ್ನು ಬಿಡಿಸಿ, ಒಂದು ಸುತ್ತು ಹಾಕಿ, ಗಂಟು ಬಿಗಿಯಲು ಎಳೆದರು.

"ಬೇಡಮ್ಮ."

ಅನುಶ್ರೀ ಹೊಸಿಲಲ್ಲಿ ನಿಂತಿದ್ದಳು. ಬಂದು ಗಂಟಿನ ಮೇಲೆ ಕೈ ಇಟ್ಟಳು.

"ಬೇಡ. ಪಟ್ಟಿ ಸಾಲದಿದ್ರೆ ಮಿಶಿನ್ನು ಜಾಸ್ತಿ ತೋರಿಸ್ತದೆ. ಇಲ್ಲದ್ದನ್ನ ತೋರಿಸ್ತದೆ. ಚಿಕ್ಕಸ್ವಾಮಣ್ಣ, ಮಾತ್ರೆ ಈಗ ಮುಟ್ಬೇಡಿ. ಮೊದ್ಲು ನೀರು ಕುಡೀರಿ. ಭೂಮಿಕನ ಹತ್ರ ದೊಡ್ಡ ಪಟ್ಟಿ ಐತೆ, ಈಗ್ಲೇ ಗಾಡೀಲಿ ಹೋಗ್ರಿ."

ಹೋಬಳಿಗೇ ಕೇಳುವಂತೆ ಮಾತಾಡುವ ಬೆಟ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನು ತಂದದ್ದಮ್ಮ," ಎಂದಳು ಅನುಶ್ರೀ. "ಅಳತೆ ಕೇಳಿದ್ದ ಅಂಗಡಿಯವ್ನು. ನಾನೇ..."

ನಾಗಲಕ್ಷ್ಮಮ್ಮ ಮಗಳ ಕಡೆ ನೋಡಲಿಲ್ಲ. ಚಿಕ್ಕಸ್ವಾಮಿಯ ತೋಳಿನಿಂದ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ಅವನಿಗೆ ಒಂದು ಚೊಂಬು ನೀರು ಕೊಟ್ಟರು. ಇಬ್ಬರು ಹುಡುಗರು ಅವನನ್ನು ನಡುವೆ ಕೂರಿಸಿಕೊಂಡು ಬೈಕಿನಲ್ಲಿ ಹೋದರು.

ಬೈಕಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಅವರು ದೀಪದ ಮುಂದೆ ಬಂದು ಕೂತರು. ಮಡಿಲಿನಿಂದ ಕೊಯ್ದ ಅಂಗಿಯ ತೋಳನ್ನು ತೆಗೆದು, ಮಂಡಿಯ ಮೇಲೆ ನೀವಿ, ನೆಲದಲ್ಲಿ ಹರಡಿದರು. ಅದರ ಮೇಲೆ ಮಿಶಿನ್ನಿನ ಪಟ್ಟಿಯನ್ನು ಅಗಲಿಸಿ ಇಟ್ಟರು. ನಾಲ್ಕು ಬೆರಳು ಬಟ್ಟೆ ಆಚೆ ಉಳಿಯಿತು.

ಹಸಿರು ಅಂಚನ್ನು ತಂದು ಆ ಜಾಗಕ್ಕೆ ಹೊಂದಿಸಿದರು. ದಿನವೂ ಎಳೆದು ಬಿಗಿದು ನೂಲು ಬಿಟ್ಟಿದ್ದ ಭಾಗ ಸರಿಯಾಗಿ ಅಲ್ಲಿಗೇ ಕೂತಿತು. ನಾಗಲಕ್ಷ್ಮಮ್ಮ ಅದರ ಮೇಲೆ ತಮ್ಮ ಅಂಗೈ ಊರಿದರು, ಒಳಗೆ ಇನ್ನೂ ತೋಳಿದೆ ಎಂಬಂತೆ, ಮೆಲ್ಲಗೆ.